ಬೀಗರ ಆಯೇರಿಗೆ ಒಂದು ರಿವಾಲ್ವರ್

ನನ್ನ ಸಹಿಗೆ ಈ ಮನೆಯಲ್ಲಿ ಇರುವ ಬೆಲೆ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಸಿಟ್ಟು ನೆತ್ತಿಗೇರಿದರೆ ಯಾವುದನ್ನೂ ನೆಟ್ಟಗೆ ಹೇಳಲಾಗುವುದಿಲ್ಲ.

ಛತ್ರಪತಿ ಸಂಭಾಜಿನಗರದ ಗುಲಮಂಡಿಯ ಹತ್ತಿರ ನಮ್ಮದೊಂದು ಬಂದೂಕಿನ ಅಂಗಡಿಯಿದೆ. ಭಾಲ್ಕಿಯಿಂದ ಬಂದ ನನ್ನ ಮಾವನ ತಂದೆ ಹಾಕಿದ್ದು. ಮಾವ ಮನ್ಮಥಪ್ಪನವರಿಗೆ ಈಗ ಎಪ್ಪತ್ತೆಂಟು. ಐದು ವರ್ಷದ ಹಿಂದೆ ಕಣ್ಣು ಮಂದವಾದಾಗ ಲೈಸೆನ್ಸನ್ನು ಮಗನ ಹೆಸರಿಗೆ ಮಾಡಿಸಲು ಹೋದರು. ಆ ಮಗ, ಅಂದರೆ ನನ್ನ ಗಂಡ ಶಶಿಕಾಂತ, ಗಾಡಿ ನಿಲ್ಲಿಸುವ ಜಗಳದಲ್ಲಿ ಒಬ್ಬನ ಹಲ್ಲುದುರಿಸಿ, ಇನ್ನು ಮುಂದೆ ಶಾಂತಿಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟ ಪುಣ್ಯಾತ್ಮ. ಅಂಥವರಿಗೆ ಬಂದೂಕು ಮಾರುವ ಲೈಸೆನ್ಸ್ ಕೊಡುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿ ಕಳಿಸಿದರು.

"ಲತಾನ ಹೆಸರಲೆ ಮಾಡಸ್ರಿ ಅಪ್ಪಾ. ಸಹಿ ಮಾಡ್ಲಾಕ ಒಂದ್ ಕೈ ಬೇಕು, ಅಷ್ಟ," ಎಂದರು ನನ್ನ ಗಂಡ.

ಕೈಯ ಜೊತೆ ಒಂದು ತಲೆಯೂ ಬರುತ್ತದೆ ಎಂಬುದು ಅಪ್ಪ ಮಗ ಇಬ್ಬರಿಗೂ ಹೊಳೆಯಲಿಲ್ಲ. ನಾನು ಪೊಲೀಸರ ಶೂಟಿಂಗ್ ರೇಂಜಿಗೆ ಹೋಗಿ ತರಬೇತಿ ತೆಗೆದುಕೊಂಡೆ. ಸೀರೆ ಉಟ್ಟು ಹೋದವಳನ್ನು ನೋಡಿ ನಕ್ಕವರ ಮುಂದೆಯೇ ಗುರಿ ಹೊಡೆದೆ. ಕಾಯ್ದೆಯ ಪುಸ್ತಕವನ್ನು ರೊಟ್ಟಿ ಬಡಿಯುತ್ತಾ ಓದಿದೆ. ಅಸಲಿ ಲೈಸೆನ್ಸ್ ಕೈಗೆ ಬರದೆ, ಅದರ ನಂಬರು ಸರ್ಕಾರದ ಪೋರ್ಟಲ್‌ನಲ್ಲಿ ತಾಳೆಯಾಗದೆ ಕಪಾಟಿನ ಬಾಗಿಲು ತೆರೆಯುವುದನ್ನೇ ನಿಲ್ಲಿಸಿದೆ. ಬಂದೂಕು ಅಂಗಡಿಯ ಹೊಸ್ತಿಲ ಒಳಗೇ, ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರ ಕೈಗೇ ಹೋಗಬೇಕು. ಅವರು ಅದನ್ನು ನನ್ನೆದುರು ಬಿಚ್ಚಿ ಖಾಲಿ ಇದೆ ಎಂದು ತೋರಿಸಬೇಕು. ಕೊನೆಯ ಮಾತು ಪುಸ್ತಕದಲ್ಲಿ ಇಲ್ಲ, ಅದು ನನ್ನದು. ಬಂದೂಕು ಹಿಡಿಯಲು ಬಾರದವನ ಮನೆಯಲ್ಲಿ ಅದನ್ನು ಹಿಡಿಯುವವನು ಬೇರೆ ಯಾರೋ ಇರುತ್ತಾನೆ ಎಂಬುದು ನನ್ನ ಲೆಕ್ಕ.

ಮನೆಯಲ್ಲಿ ನನಗೆ 'ಕಾಯ್ದಾಬಾಯಿ' ಎಂದು ಹೆಸರು ಬಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ "ಯಾವ ಕಲಮಿನ್ಯಾಗ ಬರತದ ಕಾಯ್ದಾಬಾಯಿ?" ಎಂದು ಗಂಡ ಕೇಳುವುದು, ಮಾವ ಮೀಸೆಯಲ್ಲಿ ನಗುವುದು. ನಗಲಿ ಬಿಡು ಎಂದು ಸುಮ್ಮನಿದ್ದೆ. ಐದು ವರ್ಷ ಪೊಲೀಸರು ರಜಿಸ್ಟರ್ ತಪಾಸಣೆಗೆ ಬಂದಾಗಲೆಲ್ಲ ಒಂದು ಗೆರೆಯೂ ತಪ್ಪು ಸಿಕ್ಕಿರಲಿಲ್ಲ.

ನಮಗೆ ಒಬ್ಬಳೇ ಮಗಳು, ವಿಭಾ. ಇಪ್ಪತ್ನಾಲ್ಕು ವರ್ಷ. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಎಲ್ಲ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧಕ್ಕೆ ಮರಾಠಿ ಬಂದು ಕೂರುತ್ತದೆ. ಅವಳಿಗೆ ನಾಸಿಕದ ಸಂಬಂಧ ಕೂಡಿಬಂತು. ಹುಡುಗನ ತಂದೆ ಶಾಂತಕುಮಾರ ಆಳಂದ ಕಡೆಯವರು, ನಮ್ಮ ಜನವೇ, ನಾಸಿಕದಲ್ಲಿ ರಸ್ತೆ ಗುತ್ತಿಗೆಯ ದೊಡ್ಡ ಕುಳ. ಹುಡುಗ ಸಮೀರ ನೋಡಲು ಲಕ್ಷಣವಾಗಿದ್ದ, ಹಿರಿಯರ ಕಾಲಿಗೆ ಬೀಳುತ್ತಿದ್ದ. ನಾನೂ ಒಪ್ಪಿದ್ದೆ, ಸುಳ್ಳೇಕೆ ಹೇಳಲಿ.

ದಸರೆಗೆ ನಾಸಿಕದಲ್ಲಿ ನಿಶ್ಚಯ ಎಂದಾಯಿತು. ಅದಕ್ಕೆ ಐದು ದಿನ ಮೊದಲು ಹುಡುಗ, ಅವನ ತಂದೆ ಇಬ್ಬರೂ ಅಂಗಡಿಗೆ ಬಂದರು. ಶಾಂತಕುಮಾರರಿಗೆ ಹೊಸದಾಗಿ ಲೈಸೆನ್ಸ್ ಸಿಕ್ಕಿತ್ತು.

"ಬೀಗರ ಅಂಗಡಿ ಇಟ್ಕೊಂಡು ಬ್ಯಾರೆ ಕಡಿ ಹೋದ್ರ ಮಂದಿ ನಗತಾರ್ರಿ ಅಕ್ಕಾರ," ಎಂದು ಲೈಸೆನ್ಸ್ ಟೇಬಲ್ಲಿನ ಮೇಲಿಟ್ಟರು. "ಬತ್ತೀಸ್ ಬೋರಿನ ರಿವಾಲ್ವರ್ ತೋರಸ್ರಿ. ಛೊಲೋದು."

ಲೈಸೆನ್ಸ್ ಅಸಲಿಯೇ. ನಂಬರೂ ತಾಳೆಯಾಯಿತು. ತರಬೇತಿಯ ಸರ್ಟಿಫಿಕೇಟೂ ಇತ್ತು. ಕಪಾಟಿನಿಂದ ಮೂವತ್ತೆರಡು ಬೋರಿನ ರಿವಾಲ್ವರ್ ತೆಗೆದು, ಖಾಲಿ ಇರುವುದನ್ನು ನಾನು ನೋಡಿ, ಮುಚ್ಚಿ, ಅವರ ಮುಂದಿಟ್ಟೆ.

"ಒಮ್ಮೆ ಬಿಚ್ಚಿ ತೋರಸ್ರಿ ಅಣ್ಣಾರ."

ಅವರು ಅದನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿದರು. ಎಲ್ಲೆಲ್ಲೋ ಒತ್ತಿದರು. ಕೊನೆಗೆ ನಳಿಗೆಯೊಳಗೆ ಕಣ್ಣಿಟ್ಟು ನೋಡಿದರು. ತರಬೇತಿಯ ಮೊದಲ ದಿನ ಮೊದಲ ಗಂಟೆಯಲ್ಲಿ ಯಾವುದನ್ನು ಸತ್ತರೂ ಮಾಡಬಾರದು ಎನ್ನುತ್ತಾರೋ ಅದನ್ನೇ ಮಾಡಿದರು. ಆ ಸರ್ಟಿಫಿಕೇಟನ್ನು ಎಲ್ಲಿಂದ ತಂದಿದ್ದರೋ ದೇವರೇ ಬಲ್ಲ.

"ಪಪ್ಪಾ, ಇಕಡೆ ದ್ಯಾ," ಎಂದು ಸಮೀರ ಅದನ್ನು ತೆಗೆದುಕೊಂಡ. ನೋಡದೆಯೇ ಹೆಬ್ಬೆರಳಿನಲ್ಲಿ ಬಿಚ್ಚಿದ, ಸಿಲಿಂಡರ್ ತಿರುಗಿಸಿದ, ಮುಚ್ಚಿದ. ಮುಚ್ಚಿದವನು ತೋಳು ನೀಟಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದ. ಚಹಾ ತಂದಿದ್ದ ವಿಭಾ ಆ ಕಡೆಯೇ ಇದ್ದಳು. ಟ್ರೇ ಅಲ್ಲೇ ಇಟ್ಟು ಕಪಾಟಿನ ಹಿಂದೆ ಸರಿದಳು. ಬಂದೂಕಿನ ಅಂಗಡಿಯ ಮಗಳು, ತಿಳಿದು ಸರಿದಳು ಅಂದುಕೊಂಡೆ.

"ಎಲ್ಲಿ ಕಲತಿ ತಮ್ಮಾ?"

"ಯೂಟ್ಯೂಬ್ ಆಂಟಿ."

ಯೂಟ್ಯೂಬ್ ನೋಡಿ ರೊಟ್ಟಿ ಕಲಿತವರ ರೊಟ್ಟಿ ನಾನು ಕಂಡಿದ್ದೇನೆ. ಪಳಗಿದ ಕೈಯೇ ಬೇರೆ. "ನಿನ್ನ ಹೆಸರಲೆ ಯಾಕ ಲೈಸೆನ್ಸ್ ತಗೊಂಡಿಲ್ಲ?" ಎಂದೆ.

"ರಿಜೆಕ್ಟ್ ಮಾಡ್ಯಾರ ಆಂಟಿ. ಕಾಲೇಜಿನ ಟೈಮಿಂದು ಒಂದ್ ಸಣ್ಣ ಮಾರಾಮಾರಿ ಕೇಸ್. ಪಪ್ಪಾಂದು ಅಂದ್ರ ನಂದೇ ಅಲ್ಲಾ?"

ನಗುತ್ತಾ ಹೇಳಿದ. ನಾನು ರಿವಾಲ್ವರನ್ನು ಒಳಗಿಟ್ಟು ಕಪಾಟು ಮುಚ್ಚಿದೆ. ಅಪ್ಪನ ಹೆಸರಿನಲ್ಲಿ ಕೊಂಡು ಮಗ ಹಿಡಿದು ತಿರುಗುವುದಾದರೆ, ಸರ್ಕಾರ ಯಾರಿಗೆ ಬೇಡ ಅಂದಿತ್ತೋ ಅವನಿಗೇ ಮಾರಿದ ಹಾಗೆ. ಮಾರಿದವಳು ನಾನು. "ಇವತ್ತ ಆಗಂಗಿಲ್ಲ ಅಣ್ಣಾರ," ಎಂದೆ. ಶಾಂತಕುಮಾರರ ಮುಖ ಹುಳ್ಳಗಾಯಿತು. ಚಹಾ ಮುಟ್ಟದೆ ಎದ್ದು ಹೋದರು.

ಅವತ್ತು ಸಂಜೆ ಮನೆಯಲ್ಲಿ ನನ್ನ ಮೇಲೆ ಪಂಚಾಯಿತಿ ಕೂತಿತು.

"ಹೆಣ್ಣ ಕೊಡೋರು ನಾವು," ಎಂದರು ಮಾವ. "ಬೀಗರು ಬಾಯಿಬಿಟ್ಟು ಒಂದ್ ಕೇಳ್ಯಾರ, ಅದನ್ನೂ ಇಲ್ಲ ಅಂದಿ. ಮಾರೋದ ಬ್ಯಾಡ, ಆಯೇರಿ ಅಂತ ಕೊಡೋಣ. ಮಂದಿ ಸೀರಿ ಕೊಡತಾರ, ಬಂಗಾರ ಕೊಡತಾರ. ನಮ್ಮ ಅಂಗಡ್ಯಾಗ ಇದ್ದದ್ದು ನಾವು ಕೊಡತೀವಿ."

"ಆಯೇರಿ ಅಂದ್ರೂ ಅದು ಬಂದೂಕೇ ಮಾವಾರ. ಪುಕ್ಕಟೆ ಕೊಟ್ರೂ ಕಾಯ್ದೆ ಅಷ್ಟ. ಲೈಸೆನ್ಸ್ ಒಬ್ಬಂದು, ಕೈ ಇನ್ನೊಬ್ಬಂದು. ನಾ ಸಹಿ ಮಾಡಂಗಿಲ್ಲ."

"ಮಗಳ ಲಗ್ನಕ್ಕಿಂತ ನಿನಗ ಕಾಯ್ದೆ ದೊಡ್ಡದೇನ?" ಎಂದು ಗಂಡ ತಾಟು ಸರಿಸಿದರು.

"ಆ ಹುಡುಗನ ಮ್ಯಾಲ ಕೇಸ್ ಅದ. ಅದು ನಮಗ ಯಾರ ಹೇಳ್ಯಾರ? ಮೊದಲ ಅದನ್ನ ವಿಚಾರ ಮಾಡ್ರಿ."

"ನನ್ನ ಮ್ಯಾಲೂ ಅದ. ನಾ ಏನ್ ನಿನ್ನ ಕೊಂದೀನೇನ?"

ಇದಕ್ಕೆ ಏನು ಹೇಳುತ್ತೀರಿ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ವಿಭಾಳ ಕಡೆ ತಿರುಗಿ, "ನೀ ಏನಂತಿ? ನಿನ್ನ ಲಗ್ನ," ಎಂದೆ. ಅವಳು ತಾಟಿನಿಂದ ತಲೆ ಎತ್ತಲಿಲ್ಲ. "ನೀವ್ ಹೆಂಗ ಅಂತೀರಿ ಹಂಗ, ಮಮ್ಮಿ," ಎಂದಳು. ಓದಿದ ಹುಡುಗಿ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳಲ್ಲ ಎಂದು ಅವಳ ಮೇಲೂ ಸಿಟ್ಟು ಬಂತು. ಆ ಸಿಟ್ಟಿನ ನೆನಪಾದರೆ ಈಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಾರನೆಯ ದಿನ ಮಾವ ತಾವಾಗಿಯೇ, "ಆತು ಬಿಡವ್ವ, ಬೀಗರಿಗೆ ನಾ ಸಮಜಾಯಿಸಿ ಹೇಳೀನಿ," ಎಂದರು. ಹಿರಿಯರು, ನಂಬಿದೆ.

ಈ ಸಲ ನವಮಿ, ದಶಮಿ ಒಂದೇ ದಿನ ಬಂದಿದ್ದವು. ಬೆಳಿಗ್ಗೆ ಅಂಗಡಿಯಲ್ಲಿ ಖಂಡೆಪೂಜೆ, ಸಂಜೆ ನಾಲ್ಕಕ್ಕೆ ನಾಸಿಕದಲ್ಲಿ ನಿಶ್ಚಯ. ನಮ್ಮ ಅಂಗಡಿಯಲ್ಲಿ ಖಂಡೆಪೂಜೆಯೆಂದರೆ ದೊಡ್ಡ ಹಬ್ಬ. ಸ್ಟ್ರಾಂಗ್‌ರೂಮಿನ ಬಂದೂಕುಗಳೆಲ್ಲ ಹೊರಗೆ ಬಂದು, ವಿಭೂತಿ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ಸಾಲಾಗಿ ಕೂರುತ್ತವೆ. ಪೂಜೆಯಾದ ಕೂಡಲೇ ಮುಹೂರ್ತಕ್ಕೆ ಒಂದಾದರೂ ಮಾರಾಟ ರಜಿಸ್ಟರಿನಲ್ಲಿ ಬೀಳಬೇಕು, ಇದು ಮಾವನ ತಂದೆಯ ಕಾಲದ ಪದ್ಧತಿ. ಅದಕ್ಕೆಂದು ಗಂಗಾಪುರದ ಹಳೆಯ ಗಿರಾಕಿಯೊಬ್ಬರಿಗೆ ಒಂದು ಬಂದೂಕನ್ನು ಹಿಂದಿನ ದಿನವೇ ನಾನು ನನ್ನ ಕೈಯಾರೆ ಕೊಟ್ಟು, ಎಲ್ಲ ಬರೆದು ಮುಗಿಸಿದ್ದೆ. ಮುಹೂರ್ತಕ್ಕೆ ಆ ಪುಟಕ್ಕೆ ಕುಂಕುಮ ಹಚ್ಚಿದರೆ ಸಾಕು ಅಂದಿದ್ದೆ.

ಸ್ಟ್ರಾಂಗ್‌ರೂಮಿಗೆ ಎರಡು ಬೀಗ. ಒಂದರ ಕೀಲಿ ಮಾವನ ಬಳಿ, ಇನ್ನೊಂದು ನನ್ನ ಬಳಿ. ನನ್ನ ಕೀಲಿಯನ್ನು ಐದು ವರ್ಷದಲ್ಲಿ ಯಾರ ಕೈಗೂ ಕೊಟ್ಟವಳಲ್ಲ. ಆದರೆ ಅವತ್ತು ಹೆಂಗಸರೆಲ್ಲ ಆರಕ್ಕೇ ಹೊರಡಬೇಕಿತ್ತು, ಪೂಜೆ ಇದ್ದದ್ದು ಎಂಟಕ್ಕೆ. "ದೇವರ ಕೆಲಸಕ್ಕೂ ಇಲ್ಲ ಅಂತಿ ಏನ?" ಎಂದು ಗಂಡ ಕೈ ಚಾಚಿದರು. ಬೀಗರಿಗೆ ಇಲ್ಲ ಅಂದವಳು ನಾನು, ದೇವರಿಗೆ ಇಲ್ಲ ಅನ್ನಲಾಗಲಿಲ್ಲ. ಕೊಟ್ಟೆ. ತಪ್ಪು ನನ್ನದೂ ಇದೆ, ಬಚ್ಚಿಡುವುದಿಲ್ಲ.

ನಾಸಿಕದ ಮಂಗಲ ಕಾರ್ಯಾಲಯದಲ್ಲಿ ವಿಭಾಳಿಗೆ ಸೀರೆ ಉಡಿಸುತ್ತಿದ್ದಾಗ ಫೋನ್ ಬಂತು. ಮಹಿಬೂಬ, ನಮ್ಮ ಅಂಗಡಿಯ ಮಿಸ್ತ್ರಿ. ಇಪ್ಪತ್ತು ವರ್ಷದಿಂದ ಬಂದೂಕು ರಿಪೇರಿ ಮಾಡಿಕೊಂಡಿದ್ದವರು.

"ವೈನಿ, ಪೂಜಾ ಆದಮ್ಯಾಗ ಎಲ್ಲಾ ಒಳಗ ಇಟ್ಟು ಎಣಸಿದೆ. ಬತ್ತೀಸ್‌ದು ಒಂದ್ ರಿವಾಲ್ವರ್ ಕಮ್ಮಿ ಅದ. ರಜಿಸ್ಟರ್ ನೋಡಿದ್ರ ನಾಸಿಕದ ಶಾಂತಕುಮಾರ ಸಾಹೇಬರ ಹೆಸರು ಅದ, ಇವತ್ತಿನ ತಾರೀಖು. ಕೆಳಗ ನಿಮ್ಮ ಸಹಿ ಅದ. ನೀವು ಆರಕ್ಕೇ ಹೋಗಿದ್ರಲಾ?"

"ಫೋಟೋ ಕಳಸ್ರಿ."

ಬಂತು. ಪುಟದ ಮೇಲೆ ಕುಂಕುಮದ ಬೆರಳಿನ ಗುರುತು. ಕೆಳಗೆ ನನ್ನ ಹೆಸರು, ನನ್ನ ಹಾಗೆಯೇ ಬಾಲ ಎಳೆದು ಬರೆದದ್ದು, ಅಕ್ಷರಗಳು ಸ್ವಲ್ಪ ನಡುಗಿದ್ದವು. ಐದು ವರ್ಷ ನನ್ನ ಪಕ್ಕದಲ್ಲೇ ಕೂತು ನಾನು ಸಹಿ ಮಾಡುವುದನ್ನು ನೋಡಿದ್ದ ಮಾವನದು ಆ ಕೈ. ಮುಹೂರ್ತಕ್ಕೆ ಬರೆದಿದ್ದರು.

ಗಂಡನಿಗೆ ಹತ್ತು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರೂವರೆಗೆ ಮಾವ, ಗಂಡ ಇಬ್ಬರೂ ಬಂದವರು ನನ್ನ ಕಡೆ ಸುಳಿಯದೆ ನೇರ ಬೀಗರ ನಡುವೆ ಹೋಗಿ, ಕೈಯಲ್ಲಿದ್ದ ಚೀಲ ಅವರಿಗೆ ಕೊಟ್ಟು ಕೂತರು. ನಾಲ್ಕಕ್ಕೆ ವೇದಿಕೆಗೆ ಆಯೇರಿಯ ಪರಾತ ಬಂತು. ಸೀರೆ, ಶಾಲು, ತೆಂಗಿನಕಾಯಿ, ಬನ್ನಿ ಎಲೆಯ ರಾಶಿ, ಅದರ ಮೇಲೆ ನಮ್ಮ ಅಂಗಡಿಯ ಕೆಂಪು ಡಬ್ಬಿ. ಡಬ್ಬಿಗೆ ರಿಬ್ಬನ್ ಬೇರೆ ಕಟ್ಟಿದ್ದರು. ಡೀಜೆಯವನು ಹಾಡು ಏರಿಸಿದ. ವಿಭಾ ಇನ್ನೂ ಬಾಗಿಲಲ್ಲಿದ್ದಳು, ಅವಳು ನಡೆದು ಬರುವುದನ್ನು ಹಿಡಿಯಲು ಎಲ್ಲರೂ ಮೊಬೈಲ್ ಎತ್ತಿದ್ದರು. ಸಮೀರ ಪರಾತದ ಕಡೆ ಕೈ ಚಾಚಿದ.

ಅವನಿಗಿಂತ ಮೊದಲು ನಾನು ಡಬ್ಬಿ ಎತ್ತಿಕೊಂಡೆ. ಬಿಚ್ಚಿದೆ. ನಳಿಗೆಯನ್ನು ವೇದಿಕೆಯ ಹಿಂದಿನ ಖಾಲಿ ಮೂಲೆಗೆ, ನೆಲಕ್ಕೆ ತಿರುಗಿಸಿ ಹಿಡಿದು, ಸಿಲಿಂಡರ್ ಬಿಚ್ಚಿ ಬಗ್ಗಿಸಿದೆ. ಆರು ಕಾಡತೂಸು ಬನ್ನಿ ಎಲೆಗಳ ಮೇಲೆ ಉದುರಿದವು.

ನಮ್ಮ ಅಂಗಡಿಯಿಂದ ಅವರಿಗೆ ಒಂದು ಕಾಡತೂಸೂ ಹೋಗಿರಲಿಲ್ಲ. ಡಬ್ಬಿ ಅವರ ಕೈಗೆ ಬಂದು ಅರ್ಧ ಗಂಟೆ ಆಗಿತ್ತು, ಅಷ್ಟೇ. ಹಾಕಿಡಲು ಕಾಡತೂಸು ಮೊದಲೇ ಇದ್ದವು ಅಂದಮೇಲೆ ಹಾಕುವ ಬೇರೊಂದು ಬಂದೂಕೂ ಇರಲೇಬೇಕು.

ಡೀಜೆ ನಿಂತಿತು. "ಹವಾದಾಗ ಹೊಡಿಯಾಂವ ಇದ್ದೆ ಆಂಟಿ," ಎಂದ ಸಮೀರ, ಇನ್ನೂ ನಗುತ್ತಲೇ. "ವಿಭಾಚ್ಯಾ ಎಂಟ್ರಿಸಾಠೀ."

ಹವಾ! ತಲೆಯ ಮೇಲೆ ಹದಿನೈದು ಅಡಿಗೆ ಬಾಲ್ಕನಿಯಿತ್ತು. ಅಲ್ಲಿ ಕಟಕಟೆಗೆ ಆತು ಕೂತು ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದವು. ಮದುವೆಯಲ್ಲಿ ಹೀಗೆ ಗುಂಡು ಹಾರಿಸಿದರೆ ಜೈಲು ಎಂದು ಕಾಯ್ದೆ ಬಂದು ಎಷ್ಟೋ ವರ್ಷವಾಯಿತು. ಕಾಯ್ದೆ ಹೋಗಲಿ, ಕಣ್ಣಿಲ್ಲವೇ ಇವರಿಗೆ? ನಾನು ಮಕ್ಕಳ ಕಡೆ ಬೆರಳು ತೋರಿಸಿ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಗಂಟಲು ಎರಡು ದಿನ ಕೂತಿತ್ತು. ಆಮೇಲೆ ಅಲ್ಲೇ ನಿಂತು, ಎಲ್ಲರ ಎದುರು, ಪೊಲೀಸರಿಗೆ ಫೋನ್ ಮಾಡಿದೆ.

"ನಮ್ಮ ಮರ್ಯಾದಿ ತಗದ್ರಿ ಅಕ್ಕಾರ," ಎಂದು ಶಾಂತಕುಮಾರ ಪೇಟ ತೆಗೆದು ಬಿಸಾಕಿದರು. ಅವರ ಮಗ ಮೆಲ್ಲಗೆ ಹಿಂದಿನ ಬಾಗಿಲಿಗೆ ಹೊರಟಿದ್ದ, ಕಾರ್ಯಾಲಯದ ಕಾವಲಿನವರು ತಡೆದು ನಿಲ್ಲಿಸಿದರು.

ನನ್ನ ಗಂಡ ನನ್ನ ರಟ್ಟೆ ಹಿಡಿದು ಹೆಣ್ಣಿನವರ ಕೋಣೆಗೆ ಎಳೆದೊಯ್ದರು. ರಿವಾಲ್ವರ್ ಡಬ್ಬಿ ನನ್ನ ಕೈಯಲ್ಲೇ ಇತ್ತು. ಮಾವ ಬಂದು ಕುರ್ಚಿಯ ಮೇಲೆ ಕೂತರು. ಹಿಂದೆ ವಿಭಾ ಬಂದು ಬಾಗಿಲು ಹಾಕಿದಳು.

"ಆದದ್ದು ಆತು," ಎಂದರು ಗಂಡ. ದನಿ ಇಳಿದಿತ್ತು. "ಪೊಲೀಸರು ಬಂದು ರಜಿಸ್ಟರ್ ಕೇಳತಾರ. ಸಹಿ ನಿಂದೇ ಅಂತ ಹೇಳು. ಲೈಸೆನ್ಸ್ ನಿನ್ನ ಹೆಸರಲೆ ಅದ, ವಕೀಲರನ್ನ ಇಟ್ಟು ಬಿಡಿಸಿಕೊಳ್ಳೋಣ. ಖೋಟಾ ಸಹಿ ಅಂದ್ರ ಅಪ್ಪ ಜೈಲಿಗ ಹೋಗತಾರ. ಈ ವಯಸ್ಸಿನ್ಯಾಗ."

ಮಾವ ಮಂದಗಣ್ಣು ಒರೆಸಿಕೊಂಡರು. ನನಗೆ ಹೆರಿಗೆಯಾಗಿ ಜೀವ ಹೋಗಿ ಬಂದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂರು ದಿನ ಕೂತಿದ್ದವರು ಇದೇ ಮನುಷ್ಯ. ಇಷ್ಟೆಲ್ಲ ಸಿಟ್ಟಿನಲ್ಲೂ ನನ್ನ ಕರುಳು ಜಗ್ಗಿತು. ಸಹಿ ನನ್ನದೇ ಅಂದುಬಿಡೋಣ, ಮುದುಕನನ್ನು ಎಲ್ಲಿ ಕಳಿಸುವುದು ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. "ಆತು," ಎಂದು ಬಾಯಿಗೂ ಬಂದಿತ್ತು.

"ನಕೋ ಮಮ್ಮಿ, ಬ್ಯಾಡ," ಎಂದಳು ವಿಭಾ.

ಬಾಗಿಲಿಗೆ ಒರಗಿ ನಿಂತಿದ್ದಳು.

"ಅವನ ಹತ್ರ ಮೊದಲಿಂದ ಒಂದ್ ಪಿಸ್ತೂಲ್ ಅದ. ಗಾವಠೀ ಕಟ್ಟಾ, ಲೈಸೆನ್ಸ್ ಇಲ್ಲದ್ದು. ಶ್ರಾವಣ ಸೋಮವಾರ ನಾವಿಬ್ಬರು ವೇರೂಳದ ಗುಡಿಗೆ ದರ್ಶನಕ್ಕ ಹೋಗಿದ್ವಿ ಅಲ್ಲಾ? ವಾಪಸ್ ಬರುವಾಗ ಕಾರಿನ್ಯಾಗ ಅವ ಅದನ್ನ ನನಗ ಇಲ್ಲಿ ಇಟ್ಟ." ಕಿವಿಯ ಕೆಳಗೆ ಬೆರಳಿಟ್ಟು ತೋರಿಸಿದಳು. "ನಾ ಎರಡು ದಿನ ಅವನ ಫೋನ್ ಎತ್ತಲಿಲ್ಲ ಮ್ಹಣೂನ್. ಆಮ್ಯಾಲ ನಕ್ಕ. ಮಜಾಕ್ ಅಂದ."

"ಅವತ್ತೇ ನನಗ ಯಾಕ ಹೇಳಲಿಲ್ಲ?"

"ನೀ ಲಗೇಚ್ ಸಿಟ್ಟಿಗೇಳತಿ ಅಂತ ಅಂಜಿದೆ. ಅದಕ್ಕ ಅಜ್ಜಾಗ ಹೇಳಿದೆ, ಅಜ್ಜಾ ಶಾಂತ ಇರತಾರ ಅಂತ." ಅವಳು ಮಾವನ ಕಡೆ ನೋಡಲಿಲ್ಲ. "ಅಜ್ಜಾ ನಕ್ಕರು. ಬಂದೂಕಿನ ಅಂಗಡಿ ಹುಡುಗಿ ಬಂದೂಕಿಗೆ ಅಂಜತಿ ಏನ ಅಂದ್ರು. ಗಂಡಸಿನ ಚೇಷ್ಟಾ, ಯಾರ ಮುಂದೂ ಹೇಳಬ್ಯಾಡ ಅಂದ್ರು."

ನಾನು ಮಾವನ ಮುಖ ನೋಡಿದೆ. ಸುಳ್ಳು ಎನ್ನಲಿ ಎಂದು ಕಾದೆ. ಅವರು ಕೋಲಿನ ತುದಿ ನೋಡುತ್ತಾ, "ಸಣ್ಣ ಹುಡುಗರು ಏನರೆ ಮಾಡತಿರತಾವವ್ವ," ಎಂದರು.

ಅಂದರೆ ಗೊತ್ತಿತ್ತು. ಮೊಮ್ಮಗಳ ಕಿವಿಯ ಕೆಳಗೆ ಕಬ್ಬಿಣ ಇಟ್ಟವನು ಇವನೇ ಎಂದು ಗೊತ್ತಿದ್ದೇ, ಮಡಿಯುಟ್ಟು, ವಿಭೂತಿ ಹಚ್ಚಿಕೊಂಡು, ದೇವರ ಮುಂದೆ ಕೂತು, ನನ್ನ ಹೆಸರು ಬರೆದು, ಅವನಿಗೆ ಇನ್ನೊಂದು ಒಳ್ಳೆಯ ಬಂದೂಕು ಆರಿಸಿ ಕೊಟ್ಟಿದ್ದರು. ಆ ಮಂದಗಣ್ಣಿನ ಮೇಲೆ ಹುಟ್ಟಿದ್ದ ಕನಿಕರವೆಲ್ಲ ಅಲ್ಲೇ ಸುಟ್ಟು ಬೂದಿಯಾಯಿತು.

ಬಾಗಿಲು ಬಡಿದರು. ಒಬ್ಬ ಮಹಿಳಾ ಪಿಎಸ್‌ಐ, ಜೊತೆಗೆ ಇಬ್ಬರು ಕಾನ್‌ಸ್ಟೇಬಲ್. ರಿವಾಲ್ವರ್, ಆರು ಕಾಡತೂಸು ಅವರಿಗೆ ಒಪ್ಪಿಸಿದೆ. ಮಹಿಬೂಬ ಕಳಿಸಿದ್ದ ಫೋಟೋ ತೋರಿಸಿದೆ. ಆಕೆ ಬೆರಳಿನಿಂದ ಅದನ್ನು ದೊಡ್ಡದು ಮಾಡಿ, "ಹೀ ಸಹೀ ತುಮಚೀಚ್ ಕಾ?" ಎಂದು ಕೇಳಿದರು.

"ನನ್ನದಲ್ಲ," ಎಂದು ನಾನು ಮರಾಠಿಯಲ್ಲೇ ಹೇಳಿದೆ. "ಇದು ನಮ್ಮ ಮಾವನವರು ಮಾಡಿದ್ದು. ಬಂದೂಕು ಇಲ್ಲಿಗೆ ತಂದದ್ದು ನನ್ನ ಗಂಡ. ಸ್ಟ್ರಾಂಗ್‌ರೂಮಿನ ಕೀಲಿ ಕೊಟ್ಟವಳು ನಾನು, ಅದನ್ನೂ ಬರೆದುಕೊಳ್ಳಿ."

"ಲತಾ!" ಎಂದು ಗಂಡ ಚೀರಿದರು. "ಅಂಗಡಿ ಹೋಗತದ, ಖಬರ್ ಅದ ಏನ?"

"ಹೋಗಲಿ," ಎಂದೆ. ವಿಭಾಳ ಬೆನ್ನ ಮೇಲೆ ಕೈಯಿಟ್ಟು ಅವಳನ್ನು ಮುಂದೆ ತಂದು ಪಿಎಸ್‌ಐ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. "ವೇರೂಳದ್ದು ಹೇಳು. ಕಾರಿನೊಳಗ ಆದದ್ದೂ ಹೇಳು, ಮನಿಯೊಳಗ ಆದದ್ದೂ ಹೇಳು. ಅಜ್ಜಾ ಏನಂದ್ರು ಅನ್ನೋದೂ ಬಿಡಬ್ಯಾಡ."

ಅವಳು ಒಂದು ಲೋಟ ನೀರು ಕುಡಿದು, ಮೊದಲಿನಿಂದ ಹೇಳತೊಡಗಿದಳು. ಕಿವಿಯ ಕೆಳಗೆ ಎಲ್ಲಿ ಎಂದು ಪಿಎಸ್‌ಐ ಕೇಳಿದಾಗ ಬೆರಳಿಟ್ಟು ತೋರಿಸಿದಳು. ಕೋಣೆಯಲ್ಲಿ ಯಾರೂ ನಗಲಿಲ್ಲ.